ಪ್ಲಾಸ್ಟಿಕ್ ಹೊದಿಕೆಯಿಂದ ಆಹಾರಕ್ಕೆ ಇಳಿಯುವ ರಾಸಾಯನಿಕಗಳನ್ನು ಅಳೆಯುವ ಕ್ರಮ

ಆಹಾರವನ್ನು ಸುತ್ತುವ ಪ್ಲಾಸ್ಟಿಕ್ ಹಾಳೆಯಲ್ಲಿ ಪಾಲಿಮರಿನ, ಅಂದರೆ ಸರಪಳಿಯಂತಹ ಉದ್ದ ಅಣುಗಳ ಮೂಲವಸ್ತುವಿನ, ಜೊತೆಗೆ ಹಲವು ಸೇರ್ಪಡೆ ರಾಸಾಯನಿಕಗಳಿರುತ್ತವೆ. ತಯಾರಿಕೆಯ ಬಿಸಿಗೆ ಕೆಡದಂತೆ ಆಂಟಿಆಕ್ಸಿಡೆಂಟ್, ಮೆದುವಾಗಲೆಂದು ಪ್ಲಾಸ್ಟಿಸೈಸರ್, ಪದರಗಳು ಒಂದಕ್ಕೊಂದು ಅಂಟದಿರಲೆಂದು ಎರುಕಮೈಡ್ ಇತ್ಯಾದಿಗಳನ್ನು ಬೆರೆಸುತ್ತಾರೆ. ಇವುಗಳಲ್ಲಿ ಹೆಚ್ಚಿನವು ಪಾಲಿಮರಿನ ಸರಪಳಿಗೆ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ನಿಧಾನವಾಗಿ ಹಾಳೆಯ ಮೇಲ್ಮೈಗೆ ಬಂದು ಆಹಾರಕ್ಕೆ ಇಳಿಯುತ್ತವೆ. ಇದಕ್ಕೆ ವಲಸೆ ಎಂದು ಹೆಸರು. ಹೀಗೆ ಇಳಿದ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ನಂಬಲರ್ಹವಾಗಿ ಅಳೆಯುವುದು ಹೇಗೆಂದು ಇಲ್ಲಿ ವಿವರಿಸಿದ್ದೇನೆ.

ಪ್ರಯೋಗಕ್ಕೆ ಕೈಹಾಕುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಿ. 50 ಮೈಕ್ರಾನ್ ದಪ್ಪದ, ಘನ ಸೆಂಟಿಮೀಟರಿಗೆ 0.92 ಗ್ರಾಂ ಸಾಂದ್ರತೆಯ ಪಾಲಿಥೀನ್ ಹಾಳೆಯ ಒಂದು ಚದರ ಡೆಸಿಮೀಟರ್ ಸುಮಾರು 0.46 ಗ್ರಾಂ ತೂಗುತ್ತದೆ. ಅದರಲ್ಲಿ ಶೇ. 0.1ರಷ್ಟು ಇರ್ಗಾನಾಕ್ಸ್ 1076 ಎಂಬ ಆಂಟಿಆಕ್ಸಿಡೆಂಟ್ ಇದ್ದರೆ ಅದು 0.46 ಮಿಲಿಗ್ರಾಂ ಆಯಿತು. ಒಂದು ಕಿಲೋ ಆಹಾರಕ್ಕೆ 6 ಚದರ ಡೆಸಿಮೀಟರ್ ಹೊದಿಕೆ ಎಂಬ ರೂಢಿಯ ಲೆಕ್ಕದಂತೆ, ಹಾಳೆಯಲ್ಲಿರುವುದೆಲ್ಲವೂ ಇಳಿದುಬಿಟ್ಟರೂ ಕಿಲೋಗೆ 2.76 ಮಿಲಿಗ್ರಾಂ ಮೀರುವುದಿಲ್ಲ. ಐರೋಪ್ಯ ಒಕ್ಕೂಟದ 10/2011 ನಿಯಮಾವಳಿಯಲ್ಲಿ ಈ ವಸ್ತುವಿಗೆ ಇರುವ ಮಿತಿ ಕಿಲೋಗೆ 6 ಮಿಲಿಗ್ರಾಂ. ಹಾಗಾಗಿ ಇಂತಹ ಹಾಳೆಗೆ ಆ ಒಂದು ವಸ್ತುವಿನ ಮಟ್ಟಿಗೆ ದೀರ್ಘ ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ. ಲೆಕ್ಕ ಮಿತಿಯನ್ನು ದಾಟಿದರೆ ಮಾತ್ರ ಮುಂದುವರಿಯಿರಿ.

ನಿಜವಾದ ಆಹಾರದಲ್ಲಿ ಇಷ್ಟು ಅಲ್ಪ ಪ್ರಮಾಣವನ್ನು ಹುಡುಕುವುದು ಕಷ್ಟವಾದ್ದರಿಂದ ಅದರ ಬದಲಿಗೆ ಸರಳ ದ್ರವಗಳನ್ನು ಬಳಸುತ್ತಾರೆ: ನೀರಿನಂಶದ ಆಹಾರಕ್ಕೆ ಶೇ. 10ರ ಎಥನಾಲ್, ಹುಳಿ ಆಹಾರಕ್ಕೆ ಶೇ. 3ರ ಅಸಿಟಿಕ್ ಆಮ್ಲ, ಜಿಡ್ಡಿನ ಆಹಾರಕ್ಕೆ ಸಸ್ಯಜನ್ಯ ಎಣ್ಣೆ. ಎಣ್ಣೆಯೊಳಗಿನ ರಾಸಾಯನಿಕವನ್ನು ಬೇರ್ಪಡಿಸುವುದು ತೊಡಕಿನ ಕೆಲಸವಾದ್ದರಿಂದ ಹಲವರು ಶೇ. 95ರ ಎಥನಾಲ್ ಅಥವಾ ಐಸೊಆಕ್ಟೇನ್ ಎಂಬ ದ್ರಾವಕವನ್ನು ಬಳಸುತ್ತಾರೆ. ಐಸೊಆಕ್ಟೇನ್ ಪಾಲಿಥೀನನ್ನು ಉಬ್ಬಿಸಿ ವಲಸೆಯನ್ನು ಹಿಗ್ಗಿಸಿ ತೋರಿಸಬಲ್ಲದು ಎಂಬುದು ನೆನಪಿರಲಿ. ಕೋಣೆಯ ಉಷ್ಣತೆಯಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಇಡುವ ಆಹಾರದ ಹೊದಿಕೆಯಾದರೆ, ನಿರ್ದಿಷ್ಟ ವಸ್ತುವಿನ ವಲಸೆಯನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ದಿನ ಪರೀಕ್ಷಿಸಬೇಕು.

ಬಹುಪಾಲು ತಪ್ಪುಗಳು ಹುಟ್ಟುವುದು ಈ ಹತ್ತು ದಿನಗಳಲ್ಲೇ. ಹಾಳೆಯಿಂದ ದ್ರವಕ್ಕೆ ಇಳಿದ ವಸ್ತು ಆ ಬಿಸಿಯಲ್ಲಿ ಹಾಗೆಯೇ ಉಳಿಯುತ್ತದೆ ಎನ್ನಲಾಗದು. ಉದಾಹರಣೆಗೆ ಇರ್ಗಾಫಾಸ್ 168 ಎಂಬ ಆಂಟಿಆಕ್ಸಿಡೆಂಟ್ ಒಂದು ಫಾಸ್ಫೈಟ್, ಅಂದರೆ ರಂಜಕದ ಸಂಯುಕ್ತ. ತನ್ನ ಕೆಲಸ ಮಾಡುತ್ತಲೇ ಅದು ಆಮ್ಲಜನಕವನ್ನು ಹೀರಿ ಫಾಸ್ಫೇಟ್ ಆಗುತ್ತದೆ, ನೀರಿನ ಜೊತೆ ವರ್ತಿಸಿ ಒಡೆದರೆ 2,4-ಡೈ-ಟರ್ಟ್-ಬ್ಯುಟೈಲ್‌ಫೀನಾಲ್ ಕೊಡುತ್ತದೆ. ಮೂಲ ವಸ್ತುವನ್ನಷ್ಟೇ ಹುಡುಕಿದ ವಿಶ್ಲೇಷಕರು ಏನೂ ಸಿಗದಿದ್ದಾಗ ವಲಸೆಯೇ ಆಗಿಲ್ಲ ಎಂದು ಬರೆದುಬಿಡುತ್ತಾರೆ, ಆದರೆ ಅದರಿಂದ ಹುಟ್ಟಿದ ವಸ್ತುಗಳು ಅದೇ ದ್ರವದಲ್ಲಿರುತ್ತವೆ.

ಆದ್ದರಿಂದ ವಲಸೆ ಪರೀಕ್ಷೆಯ ಜೊತೆಯಲ್ಲೇ ಸ್ಥಿರತೆಯ ಪರೀಕ್ಷೆಯನ್ನೂ ನಡೆಸಿ. ಸಮಯ ಉಳಿಸಲು ಇದನ್ನು ಬಿಡುವವರಿದ್ದಾರೆ. ಬೇರೆ ಯಾವ ಹಂತವನ್ನು ಮೊಟಕುಗೊಳಿಸಿದರೂ ಇದನ್ನು ಮೊಟಕುಗೊಳಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಳೆಯಿಲ್ಲದ ದ್ರವಕ್ಕೆ ಮಿತಿಯ ಆಸುಪಾಸಿನ ಪ್ರಮಾಣದಲ್ಲಿ ಶುದ್ಧ ರಾಸಾಯನಿಕವನ್ನು ಬೆರೆಸಿ, ಗಾಜಿನ ಬಾಟಲಿಗಳಲ್ಲಿ ಬಿಗಿಯಾಗಿ ಮುಚ್ಚಿ, ಬೆಳಕು ತಾಗದಂತೆ, ವಲಸೆ ಪರೀಕ್ಷೆ ನಡೆಯುವ ಅದೇ ಓವನ್‌ನಲ್ಲಿ ಇಡಿ. ಮೊದಲ ದಿನ, ಮೂರನೆಯ ದಿನ, ಐದನೆಯ ದಿನ ಮತ್ತು ಹತ್ತನೆಯ ದಿನ ತಲಾ ಮೂರು ಬಾಟಲಿಗಳನ್ನು ತೆಗೆದು ಎಷ್ಟು ಉಳಿದಿದೆಯೆಂದು ಅಳೆಯಿರಿ. ಪ್ರಮಾಣ ಕುಸಿದಿದ್ದರೆ ಒಡನೆಯೇ ವಸ್ತು ಒಡೆದಿದೆ ಎಂಬ ತೀರ್ಮಾನಕ್ಕೆ ಬರಬೇಡಿ. ನೀರಿನಲ್ಲಿ ಕರಗದ ಸೇರ್ಪಡೆಗಳು ಗಾಜಿನ ಗೋಡೆಗೆ ಅಂಟಿಕೊಂಡಿರಲೂ ಸಾಧ್ಯ. ಬಾಟಲಿಯನ್ನು ಬರಿದು ಮಾಡಿ, ಸ್ವಲ್ಪ ಐಸೊಆಕ್ಟೇನ್‌ನಿಂದ ತೊಳೆದು ತೊಳೆದ ಆ ದ್ರವವನ್ನು ಪರೀಕ್ಷಿಸಿ. ಕಾಣೆಯಾದದ್ದು ಅದರಲ್ಲಿ ಸಿಕ್ಕರೆ ವಸ್ತು ಒಡೆದಿಲ್ಲ, ಅಂಟಿಕೊಂಡಿತ್ತು ಎಂದರ್ಥ.

ಉಳಿಕೆ ಶೇ. 60 ಎಂದು ಬಂದರೆ ವಲಸೆಯ ಅಂಕಿಯನ್ನು 0.6ರಿಂದ ಭಾಗಿಸಿ ಸರಿಪಡಿಸಿಬಿಡುವ ಅಭ್ಯಾಸವೂ ದಾರಿ ತಪ್ಪಿಸುತ್ತದೆ. ಬೆರೆಸಿದ ವಸ್ತು ಹತ್ತೂ ದಿನ ದ್ರವದಲ್ಲಿ ಇದ್ದರೆ, ಹಾಳೆಯಿಂದ ಬಂದದ್ದು ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಸೇರಿಕೊಂಡಿರುತ್ತದೆ. ಎರಡರ ನಷ್ಟವೂ ಒಂದೇ ಆಗಲಾರದು. ಅಂತಹ ಸಂದರ್ಭದಲ್ಲಿ ಒಡೆದು ಹುಟ್ಟಿದ ವಸ್ತುಗಳನ್ನೂ ಅಳೆಯುವುದು ಸರಿಯಾದ ದಾರಿ.

ಅಳತೆಗೆ, ಸುಲಭವಾಗಿ ಆವಿಯಾಗುವ ಸಣ್ಣ ಅಣುಗಳಿಗೆ, ಮಿಶ್ರಣವನ್ನು ಅನಿಲದ ಹರಿವಿನಲ್ಲಿ ಬೇರ್ಪಡಿಸುವ ಗ್ಯಾಸ್ ಕ್ರೊಮಾಟೋಗ್ರಫಿ ಸಾಕು. ಸುಮಾರು 1178 ಅಣುತೂಕದ ಇರ್ಗಾನಾಕ್ಸ್ 1010ರಂತಹ ದೊಡ್ಡ ಅಣುಗಳಿಗೆ, ದ್ರವದ ಹರಿವಿನಲ್ಲಿ ಬೇರ್ಪಡಿಸುವ ದ್ರವ ಕ್ರೊಮಾಟೋಗ್ರಫಿ ಬೇಕು. ಪ್ಲಾಸ್ಟಿಸೈಸರ್‌ಗಳಾಗಿ ಬಳಸುವ ಥಾಲೇಟ್‌ಗಳನ್ನು ಅಳೆಯುವಾಗ ಕೈಗವಸು, ರಬ್ಬರ್ ಕೊಳವೆ, ದ್ರಾವಕದ ಬಾಟಲಿಯ ಮುಚ್ಚಳಗಳಿಂದಲೂ ಅವು ಬಂದು ಸೇರುತ್ತವೆ. ಹಾಗಾಗಿ ಹಾಳೆ ಹಾಕದ ಶುದ್ಧ ದ್ರವವನ್ನು ಎಲ್ಲ ಹಂತಗಳಲ್ಲೂ ಜೊತೆಗೇ ಪರೀಕ್ಷಿಸಿ.

ಪರೀಕ್ಷೆ ಮುಗಿದ ಮೇಲೆ ಹಾಳೆಯನ್ನು ಎಸೆಯದೆ, ಅದರಲ್ಲಿ ಉಳಿದಿರುವ ಸೇರ್ಪಡೆಯನ್ನು ದ್ರಾವಕದಿಂದ ಹೊರತೆಗೆದು ಮೊದಲಿದ್ದ ಪ್ರಮಾಣದೊಡನೆ ತಾಳೆ ನೋಡಿ. ವರದಿಯಲ್ಲಿ ವಲಸೆಯ ಅಂಕಿಯ ಪಕ್ಕದಲ್ಲೇ ಸ್ಥಿರತೆಯ ಉಳಿಕೆಯನ್ನೂ, ಹಾಳೆಯಲ್ಲಿ ಉಳಿದ ಅಂಶವನ್ನೂ, ಹುಡುಕಿದ ವಿಘಟನೆಯ ವಸ್ತುಗಳ ಹೆಸರುಗಳನ್ನೂ ಬರೆಯಿರಿ.