ಕೇಳಿದವರಿಗೆ ಪುಸ್ತಕ, ಹಾಡು ಸೂಚಿಸುವ ಬಗೆ

"ಏನಾದರೂ ಒಳ್ಳೆಯದು ಹೇಳಿ" ಎಂದವರಿಗೆ ನನ್ನ ಮೊದಲ ಪ್ರಶ್ನೆ: "ದಿನದಲ್ಲಿ ನಿಮಗೆ ಬಿಡುವು ಯಾವಾಗ?" ರುಚಿಯ ವಿಚಾರ ಆಮೇಲೆ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿಯುವ ನನ್ನ ಸಹೋದ್ಯೋಗಿಗೆ ಸಿಗುವುದು ಸುಮಾರು ಅರ್ಧ ಗಂಟೆ, ಅದೂ ನಿಂತುಕೊಂಡು. ಒಂದೇ ಕೈಯಲ್ಲಿ ಹಿಡಿಯುವಂಥದ್ದು ಬೇಕು. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಆರಿಸಿದೆ. ಹೆಸರು ಹೇಳಿ ಸುಮ್ಮನಾಗದೆ ನನ್ನ ಪ್ರತಿಯನ್ನೇ ಕೊಟ್ಟೆ. ಇಪ್ಪತ್ತನೆಯ ಪುಟದಲ್ಲಿ ಹಳೆಯ ಬಸ್ ಟಿಕೆಟ್ ಇಟ್ಟು, "ಇಲ್ಲಿಯವರೆಗೆ ಓದಿ, ಹಿಡಿಸದಿದ್ದರೆ ಹಿಂದಿರುಗಿಸಿ" ಎಂದೆ. ನಾಲ್ಕನೆಯ ದಿನ ಟಿಕೆಟ್ ಮಾತ್ರ ಹಿಂದಿರುಗಿತು. ಹಾರುವ ಓತಿಯ ಹುಡುಕಾಟದ ಆ ಕಥೆ ಅಷ್ಟರಲ್ಲಿ ಅವರ ತಂದೆಯ ಕೈ ಸೇರಿತ್ತು!

ಒಮ್ಮೆಗೆ ಒಂದನ್ನೇ ಸೂಚಿಸಿ. ಹತ್ತು ಹೆಸರುಗಳ ಪಟ್ಟಿ ಮೊಬೈಲಿನಲ್ಲೇ ಕೊಳೆಯುತ್ತದೆ.

ಸಂಗೀತದಲ್ಲಿ ಬಾಗಿಲು ಯಾವುದು ಎಂಬುದೇ ಮುಖ್ಯ. ಹಿಂದೂಸ್ತಾನಿ ಕೇಳಿಯೇ ಇರದವರನ್ನು ರಾಗವನ್ನು ನಿಧಾನವಾಗಿ ಬೆಳೆಸುತ್ತ ಹಾಡುವ ಒಂದು ಗಂಟೆಯ ಖಯಾಲಿನ ಮುಂದೆ ಕೂರಿಸಬೇಡಿ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳಿಂದ ಆರಂಭಿಸಿ. ಮಾತು ಪರಿಚಿತವಾದುದರಿಂದ ಕಿವಿ ರಾಗಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ.

ಮಕ್ಕಳೂ ಅಜ್ಜಿಯೂ ಒಟ್ಟಿಗೆ ಕೂರುವ ಮನೆಗೆ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಹೇಳುತ್ತೇನೆ. ಪಾಡ್‌ಕಾಸ್ಟ್ ಆದರೆ ಕಂತಿನ ಹೆಸರನ್ನೂ ಎಷ್ಟನೆಯ ನಿಮಿಷದಿಂದ ಕೇಳಬೇಕೆಂಬುದನ್ನೂ ಬರೆದು ಕಳುಹಿಸಿ.

ವಾರದ ನಂತರ "ಓದಿದಿರಾ?" ಎಂದು ಕೇಳಬೇಡಿ, ಅದು ಪರೀಕ್ಷೆಯಂತೆ ಕೇಳಿಸುತ್ತದೆ. "ಎಲ್ಲಿಗೆ ನಿಲ್ಲಿಸಿದಿರಿ?" ಎಂದು ಕೇಳಿ. ಮುಂದೆ ಯಾವುದನ್ನು ಕೊಡಬೇಕೆಂಬುದು ಆ ಉತ್ತರದಲ್ಲೇ ಸಿಗುತ್ತದೆ.