ಒಂದು ಪೀರಿಯಡ್‌ಗೆ ಎಷ್ಟು ಬಿತ್ತು? ಅತಿಥಿ ಉಪನ್ಯಾಸಕರು ಲೆಕ್ಕ ಹಾಕುವ ಬಗೆ

‘ತಿಂಗಳಿಗೆ ಮೂವತ್ತು ಸಾವಿರ ಬರುತ್ತಂತಲ್ಲ ಮೇಷ್ಟ್ರೇ, ಇನ್ನೇನು ಬೇಕು?’ ಮದುವೆ ಮನೆಯ ಪಂಕ್ತಿಯಲ್ಲಿ ಅತಿಥಿ ಉಪನ್ಯಾಸಕರನ್ನು ಹೀಗೆ ಕೇಳುವವರು ಸಿಕ್ಕೇ ಸಿಗುತ್ತಾರೆ. ಮನೆಗೆ ಬಂದು ಪೆನ್ನು ಹಿಡಿಯಿರಿ.

ಮೊದಲು ವೇಳಾಪಟ್ಟಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯಲ್ಲಿ ಗೌರವಧನ 11–13 ಸಾವಿರದಿಂದ 26–32 ಸಾವಿರಕ್ಕೆ ಏರಿತು. ಜೊತೆಗೇ ವಾರದ ಕಾರ್ಯಭಾರ 8–10 ಗಂಟೆಯಿಂದ 15ಕ್ಕೆ ಹೋದದ್ದು ಪಂಕ್ತಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ವಾರಕ್ಕೆ 15 ಎಂದರೆ ತಿಂಗಳಿಗೆ ಸುಮಾರು 60 ತರಗತಿ. 30,000 ರೂಪಾಯಿಯನ್ನು 60ರಿಂದ ಭಾಗಿಸಿದರೆ ತರಗತಿಗೆ 500. ನಿಮ್ಮ ಲೆಕ್ಕಕ್ಕೆ ಈಗ ಕೈಗೆ ಬರುವ ಮೊತ್ತವನ್ನೇ ಇಟ್ಟುಕೊಳ್ಳಿ.

ಇನ್ನು ವೇಳಾಪಟ್ಟಿಯಲ್ಲಿ ಕಾಣದ ಕೆಲಸ. ಒಂದು ತಿಂಗಳು ಡೈರಿ ಬರೆಯಿರಿ. ‘ಸೋಮವಾರ: 10ರಿಂದ 12 ತರಗತಿ. 12ರಿಂದ 1 ಸ್ಕಾಲರ್‌ಶಿಪ್ ಅರ್ಜಿ ಪರಿಶೀಲನೆ. ರಾತ್ರಿ 9ರಿಂದ 10.30 ಇಂಟರ್ನಲ್ಸ್ ಪತ್ರಿಕೆ ತಿದ್ದಿದ್ದು.’ ಎರಡು ತರಗತಿಯ ಸಾವಿರ ರೂಪಾಯಿ ನಾಲ್ಕೂವರೆ ಗಂಟೆಗೆ ಹಂಚಿ ಹೋಯಿತು. ಗಂಟೆಗೆ 222 ರೂಪಾಯಿ. ಬಸ್ ಚಾರ್ಜ್ ಇನ್ನೂ ಕಳೆದಿಲ್ಲ.

ಹೋಲಿಸುವುದು ಯಾವುದರ ಜೊತೆ? ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಅತಿಥಿ ಉಪನ್ಯಾಸಕರಿಗೆ ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದಿತು. ಇಲ್ಲೊಂದು ಕಿತಾಪತಿ ಇದೆ: 34ನೇ ತರಗತಿಗೇ 50,000 ಮುಟ್ಟಿಬಿಡುತ್ತದೆ, ಆಮೇಲಿನ ಪಾಠವೆಲ್ಲ ಪುಕ್ಕಟೆ. 60 ತರಗತಿ ಮಾಡಿದವರಿಗೆ ಯುಜಿಸಿ ದರದಲ್ಲೂ ಬೀಳುವುದು 833 ರೂಪಾಯಿ. ಪಕ್ಕದ ಕುರ್ಚಿಯ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ನಿಗದಿಪಡಿಸಿದ ಪಾಠ ವಾರಕ್ಕೆ 16 ಗಂಟೆ, ಅಂದರೆ ನಿಮಗಿಂತ ಒಂದೇ ಗಂಟೆ ಹೆಚ್ಚು. ಅವರ ಆರಂಭಿಕ ಮೂಲವೇತನ ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ತಿಂಗಳಿಗೆ 57,700.

ಸಮಾನ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಕಾಯಂ ಹುದ್ದೆಯ ಕನಿಷ್ಠ ವೇತನ ಸಿಗಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ, ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಕೆಲಸ ಸಮಾನವೆಂದು ತೋರಿಸುವ ಹೊಣೆ ಕೇಳುವವರದ್ದೇ. ಡೈರಿ, ವೇಳಾಪಟ್ಟಿಯ ಪ್ರತಿ, ಪರೀಕ್ಷಾ ಕೆಲಸದ ಆದೇಶಗಳನ್ನು ಒಂದೇ ಫೈಲಿನಲ್ಲಿ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ‘ನಾಳೆ ಬೇಗ ಬನ್ನಿ’ ಎಂದು ಬಂದದ್ದನ್ನೂ ಪ್ರಿಂಟ್ ತೆಗೆಸಿ.

ಕಾಲೇಜಿಗೆ ಮಂಜೂರಾದ ಕಾರ್ಯಭಾರ, ಗೌರವಧನದ ಸುತ್ತೋಲೆ, ಅನುದಾನ ಬಿಡುಗಡೆಯಾದ ದಿನಾಂಕ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ‘ಏಕೆ ಕಡಿಮೆ ಕೊಟ್ಟಿದ್ದೀರಿ?’ ಎಂದು ಕೇಳಿದರೆ ಉತ್ತರದ ಬದಲು ಅರ್ಜಿ ತಿರಸ್ಕರಿಸಿದ ಹಿಂಬರಹ ಬರುತ್ತದೆ. ‘ಆದೇಶದ ದೃಢೀಕೃತ ಪ್ರತಿ ಕೊಡಿ’ ಎನ್ನಿ.

ಈ ಲೆಕ್ಕ, ದಾಖಲೆ ಇಟ್ಟುಕೊಂಡು ಗೌರವಧನ ಹೆಚ್ಚಿಸಿ ಎಂಬ ಮನವಿಯನ್ನು ಒಬ್ಬರೇ ಕೊಡಬೇಡಿ. ಮುಂದಿನ ವರ್ಷದ ಆಯ್ಕೆಯ ಕೌನ್ಸೆಲಿಂಗ್ ನೆನಪಾಗಿ ಕೈ ನಡುಗುವುದು ಸಹಜ. ಹತ್ತು ಸಹಿ ಇದ್ದರೆ ಅಷ್ಟು ನಡುಗುವುದಿಲ್ಲ. ಪ್ರಾಂಶುಪಾಲರ ಮೂಲಕ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರಿಗೆ ಬರೆಯಿರಿ. ಕಚೇರಿಯಲ್ಲಿ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಮೆಟ್ಟಿಲು ಇಳಿಯಿರಿ.