ವಿಂಡೋಸ್ ಇರಲಿ, ಪಕ್ಕದಲ್ಲೇ ಉಬುಂಟು ಹಾಕೋಣ
ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ವಿಂಡೋಸ್ ಅಳಿಸದೆ ಅದೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕೋಕಾಗುತ್ತಾ? ಆಗುತ್ತೆ. ಉಬುಂಟು ಅಂದರೆ ಲಿನಕ್ಸ್‌ನಲ್ಲೇ ಒಂದು ಬಗೆ. ಆದರೆ ಅದಕ್ಕೆ ಜಾಗ ಮಾಡಲು ಸಿ ಡ್ರೈವ್ ಕುಗ್ಗಿಸುವ ಕೆಲಸವನ್ನು ವಿಂಡೋಸ್ ಕೈಯಲ್ಲೇ ಮಾಡಿಸಿ, ಉಬುಂಟು ಇನ್‌ಸ್ಟಾಲರ್‌ಗೆ ಬಿಡಬೇಡಿ. ತನ್ನ ಫೈಲುಗಳು ಎಲ್ಲೆಲ್ಲಿ ಕೂತಿವೆ ಅಂತ ವಿಂಡೋಸ್‌ಗೆ ಚೆನ್ನಾಗಿ ಗೊತ್ತಿರುತ್ತೆ.

ಮೊದಲು ಫೋಟೋ, ಪ್ರಾಜೆಕ್ಟ್, ಮಾರ್ಕ್ಸ್ ಕಾರ್ಡ್ ಎಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಚಾರ್ಜರ್ ಹಾಕಿಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ, ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಳಿ ಕೇಳಿ ಹೋಗಲ್ಲ. ಪಾರ್ಟಿಷನ್ (ಡಿಸ್ಕ್‌ನ ಭಾಗ) ಬದಲಾಗುತ್ತಿರುವಾಗಲೇ ಕರೆಂಟ್ ಹೋದರೆ ಡೇಟಾ ಹಾಳಾಗಬಹುದು.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಡಿಸ್ಕ್‌ನ ಡೇಟಾಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತೆ. ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲು ಪೇಪರ್ ಮೇಲೆ ಬರೆದಿಟ್ಟುಕೊಳ್ಳಿ, ನಂತರ ಆಫ್ ಮಾಡಿ, ಪೂರ್ತಿ ಆಫ್ ಆಗುವವರೆಗೂ ಕಾಯಿರಿ.

ಈಗ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್, ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಬರುವ ಬಾಕ್ಸ್‌ನಲ್ಲಿ ಲೆಕ್ಕ ಜಿಬಿಯಲ್ಲಿ ಇರಲ್ಲ, ಎಂಬಿಯಲ್ಲಿ ಇರುತ್ತೆ. 60 ಜಿಬಿ ಬೇಕಾದರೆ 61440 ಅಂತ ಹಾಕಿ. ಉಬುಂಟು 25 ಜಿಬಿಯಲ್ಲೂ ಕೂರುತ್ತೆ, ಆದರೆ ನಾಲ್ಕು ಸಾಫ್ಟ್‌ವೇರ್ ಹಾಕುವಷ್ಟರಲ್ಲಿ ಇಕ್ಕಟ್ಟಾಗುತ್ತೆ.

ಅರ್ಧ ಡಿಸ್ಕ್ ಖಾಲಿ ಇದ್ದರೂ ಕೆಲವೊಮ್ಮೆ ಎಂಟೋ ಹತ್ತೋ ಜಿಬಿ ಮಾತ್ರ ಬಿಡ್ತೀನಿ ಅನ್ನುತ್ತೆ. ಡಿಸ್ಕ್ ಕೆಟ್ಟಿದೆ ಅಂತ ಗಾಬರಿ ಬೇಡ. ಹೈಬರ್ನೇಷನ್ ಫೈಲ್, ಪೇಜ್ ಫೈಲ್, ರಿಸ್ಟೋರ್ ಪಾಯಿಂಟ್ ಅಂತ ವಿಂಡೋಸ್ ತನಗಾಗಿ ಇಟ್ಟುಕೊಳ್ಳುವ ಫೈಲುಗಳೆಲ್ಲ ಹೊಲದ ನಡುವಿನ ಬೇವಿನ ಮರದ ಹಾಗೆ, ಕೂತ ಜಾಗ ಬಿಟ್ಟು ಕದಲಲ್ಲ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆಗೆದು 'powercfg /h off' ಕೊಡಿ, ಪೇಜ್ ಫೈಲ್ ಮತ್ತು ಸಿಸ್ಟಮ್ ಪ್ರೊಟೆಕ್ಷನ್ ಸ್ವಲ್ಪ ಹೊತ್ತು ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಕುಗ್ಗಿಸಿದ ಮೇಲೆ ಪೇಜ್ ಫೈಲ್, ಪ್ರೊಟೆಕ್ಷನ್ ಎರಡನ್ನೂ ವಾಪಸ್ ಆನ್ ಮಾಡಿ. ಹೈಬರ್ನೇಷನ್ ಆಫ್ ಆಗೇ ಇರಲಿ, ಅದರ ಜೊತೆಗೆ ಫಾಸ್ಟ್ ಸ್ಟಾರ್ಟಪ್ (ವಿಂಡೋಸ್ ಬೇಗ ಶುರುವಾಗುವ ಸೌಲಭ್ಯ) ಕೂಡ ಆಫ್ ಆಗಿರುತ್ತೆ. ಅದು ಆನ್ ಇದ್ದರೆ ಉಬುಂಟುನಿಂದ ವಿಂಡೋಸ್ ಡ್ರೈವ್‌ಗೆ ಏನೂ ಬರೆಯೋಕೆ ಬಿಡಲ್ಲ.

ಕುಗ್ಗಿಸಿದ ಜಾಗ ಕಪ್ಪು ಪಟ್ಟಿಯಲ್ಲಿ 'ಅನ್‌ಅಲೊಕೇಟೆಡ್' ಅಂತ ಕಾಣುತ್ತೆ. ಅದನ್ನು ಹಾಗೇ ಬಿಡಿ. ಅಲ್ಲಿ ಹೊಸ ಡ್ರೈವ್ ಮಾಡೋದು, ಫಾರ್ಮ್ಯಾಟ್ ಹೊಡೆಯೋದು ಏನೂ ಬೇಡ.

ಉಬುಂಟು ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ 'ವಿಂಡೋಸ್ ಜೊತೆಗೆ' ಅನ್ನೋ ಆಯ್ಕೆ ಒತ್ತಿ. 'ಎರೇಸ್ ಡಿಸ್ಕ್' ಒತ್ತಿದರೆ ಎಲ್ಲ ಹೋಯ್ತು ಅಂತಲೇ ಲೆಕ್ಕ. ನೀವೇ ಕೈಯಾರೆ ಪಾರ್ಟಿಷನ್ ಮಾಡೋದಾದರೆ ಖಾಲಿ ಜಾಗದಲ್ಲಿ ಮಾತ್ರ ಇಎಕ್ಸ್‌ಟಿ4 (ಲಿನಕ್ಸ್ ಬಳಸುವ ಫಾರ್ಮ್ಯಾಟ್) ಪಾರ್ಟಿಷನ್ ಮಾಡಿ. ಇಎಫ್‌ಐ ಅಂತ ಇರುವ ಚಿಕ್ಕ ಪಾರ್ಟಿಷನ್ ಫಾರ್ಮ್ಯಾಟ್ ಮಾಡಲೇಬೇಡಿ, ವಿಂಡೋಸ್ ಬೂಟ್ ಆಗೋದೇ ಅದರಿಂದ.

ಎಲ್ಲ ಮುಗಿದು ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇದ್ದರೆ ಉಬುಂಟು ಟರ್ಮಿನಲ್‌ನಲ್ಲಿ 'timedatectl set-local-rtc 1' ಕೊಡಿ, ಆಮೇಲೆ ವಿಂಡೋಸ್‌ನಲ್ಲಿ ಟೈಮ್ ಒಮ್ಮೆ ಸಿಂಕ್ ಮಾಡಿ.